ಅಸೈಲಂ ಕೇಸಲ್ಲಿ ಮೆಡಿಕಲ್ ರಿಪೋರ್ಟು: ಮೈಮೇಲಿನ ಕಲೆ ಕಾಗದಕ್ಕೆ ಇಳಿಯೋ ದಾರಿ

ನಾನು ಶಿರಸೀಲಿ ಟೈಪಿಂಗು, ಟ್ರಾನ್ಸ್‌ಲೇಶನ್ನು ಮಾಡ್ಕೊಂಡು ಇರೋನು. ಪಹಣಿ, ಬರ್ತ್ ಸರ್ಟಿಫಿಕೇಟು, ಮದ್ವೆ ರಿಜಿಸ್ಟ್ರೇಶನ್ನು, ದಿನಾ ಇವೇ. ಇದ್ರ ಮಧ್ಯ ಹಳೇ ದೋಸ್ತ ಒಬ್ಬನ ಮೆಸೇಜ್ ಬಂತು. ಮುಂಡಗೋಡ ಟಿಬೆಟನ್ ಕ್ಯಾಂಪಿನವ್ನು, ಆದ್ರೆ ಹುಟ್ಟಿದ್ದು ಟಿಬೆಟ್ಟಲ್ಲೇ, ಅಲ್ಲಿ ಜೈಲು ಕಂಡು ನೇಪಾಳ ದಾಟಿ ಬಂದವ್ನು, ನಾಲ್ಕೈದು ಚಳಿಗಾಲ ಇಲ್ಲೇ ರೂಮ್ ಮಾಡ್ಕೊಂಡು ಸ್ವೆಟರ್ ಮಾರಿದ್ದ, ಕನ್ನಡ ನಮ್ಮಷ್ಟೇ ಚೊಲೋ ಮಾತಾಡ್ತಾನೆ. ಈಗ ಯುರೋಪಲ್ಲಿ ಅಸೈಲಂ ಕೇಳಿದಾನೆ, ಅಂದ್ರೆ ವಾಪಸ್ ಹೋದ್ರೆ ಹಿಂಸೆ ಕೊಡ್ತಾರೆ, ಇಲ್ಲೇ ಆಶ್ರಯ ಕೊಡಿ ಅಂತ. ಅವ್ನ ಹಳೇ ಮನೆ ಓನರ್ರು ಒಂದು ಪುಟ ಹೇಳಿಕೆ ಬರ್ಕೊಟ್ಟಿದ್ರು, ಅದನ್ನ ಇಂಗ್ಲಿಷಿಗೆ ಮಾಡ್ಬೇಕಿತ್ತು.

ಅದ್ರಲ್ಲಿ ಒಂದು ಸಾಲು, ಬಾವಿಕಟ್ಟೆಲಿ ಸ್ನಾನ ಮಾಡುವಾಗ ಇವನ ಬೆನ್ನಿನ ಮೇಲೆ ಬಾಸುಂಡೆ ನೋಡಿದ್ದೇನೆ ಅಂತ. ನಾನು ಡಿಕ್ಷನರಿ ಪ್ರಕಾರ ಹೊಡೆತಕ್ಕೆ ಊದ್ಕೊಂಡ ಕೆಂಪು ಗೆರೆ ಅಂತ ಮಾಡಿ ಸೀಲ್ ಹೊಡ್ದು ಕಳ್ಸಿದೆ. ಹತ್ತು ದಿನಕ್ಕೆ ಅಲ್ಲಿನ ವಕೀಲರ ಮೇಲ್ ಬಂತು: ಡಾಕ್ಟರ್ ರಿಪೋರ್ಟಲ್ಲಿ ವರ್ಷಗಟ್ಲೆ ಹಳೇ ಸುಟ್ಟ ಕಲೆ ಅಂತಿದೆ, ನಿಮ್ಮ ಸಾಕ್ಷಿ ಇಂಡಿಯಾದಲ್ಲಿ ಹಸಿ ಬಾಸುಂಡೆ ನೋಡಿದೆ ಅಂತಾರೆ, ಹಾಗಾದ್ರೆ ಇವ್ರಿಗೆ ಇಂಡಿಯಾದಲ್ಲಿ ಹೊಡ್ದವ್ರು ಯಾರು? ನಂಗೆ ಎದೆ ಧಸಕ್ ಅಂತು. ಓನರ್ ಹತ್ರ ಹೋಗಿ ಕೇಳಿದ್ರೆ, ಅಯ್ಯೋ ಕಲೆ ಮಾರಾಯಾ, ಉದ್ದುದ್ದ ಕಲೆ, ಬಾಸುಂಡೆ ಅಂತ ಬಾಯಿಗೆ ಬಂತು ಬರ್ದೆ ಅಂದ್ರು. ಹೇಳಿಕೆ ಹೊಸದಾಗಿ ಬರ್ಸಿ, ಹಳೇದು ಯಾಕೆ ತಪ್ಪಾಯ್ತು ಅಂತ ಇನ್ನೊಂದು ಕಾಗದ ಬರ್ದು, ಎರಡನ್ನೂ ಕಳ್ಸಿದ್ವಿ. ಆವತ್ತಿಂದ ಈ ವಿಷಯ ಕೂತು ಓದಿದೀನಿ. ನಾನು ವಕೀಲನೂ ಅಲ್ಲ ಡಾಕ್ಟರೂ ಅಲ್ಲ, ಆದ್ರೆ ಹೊರದೇಶದಲ್ಲಿ ಇಂಥ ಕೇಸಿರೋ ಯಾರಿಗಾದ್ರೂ ಇಲ್ಲಿ ಕೂತು ಸಹಾಯ ಮಾಡೋರಿಗೆ ಇದಿಷ್ಟು ಗೊತ್ತಿರ್ಲಿ.

ಮೊದ್ಲು, ಈ ರಿಪೋರ್ಟಿಂದ ಏನಾಗ್ತದೆ ಏನಾಗಲ್ಲ

ಅಸೈಲಂ ಕೇಳೋನ ಹತ್ರ ಸಾಮಾನ್ಯವಾಗಿ ಸಾಕ್ಷಿ ಅಂತ ಇರೋದು ಅವ್ನ ಬಾಯಿಮಾತು ಒಂದೇ. ಹಿಂಸೆ ಕೊಟ್ಟ ಜೈಲಿನವ್ರು ರಸೀದಿ ಕೊಡ್ತಾರಾ? ಹಾಗಾಗಿ ಅಧಿಕಾರಿ ಅಥವಾ ಜಡ್ಜು ಕೊನೆಗೆ ಕೇಳೋ ಪ್ರಶ್ನೆ ಒಂದೇ, ಈ ಮನುಷ್ಯ ಹೇಳೋದನ್ನ ನಂಬಬಹುದಾ. ಫೊರೆನ್ಸಿಕ್ ಡಾಕ್ಟರ್, ಅಂದ್ರೆ ಕೋರ್ಟಿಗೆ ಬೇಕಾದಂಗೆ ಗಾಯ ಪರೀಕ್ಷೆ ಮಾಡೋ ಡಾಕ್ಟರ್, ಅವ್ರ ರಿಪೋರ್ಟು ಕೆಲಸ ಮಾಡೋದು ಆ ಜಾಗದಲ್ಲಿ: ಈ ಮೈಯಲ್ಲಿರೋ ಗುರುತು, ಈ ಮನಸ್ಸಿನ ಸ್ಥಿತಿ, ಈತ ಹೇಳೋ ಕಥೆಗೆ ಎಷ್ಟರ ಮಟ್ಟಿಗೆ ತಾಳೆ ಆಗ್ತದೆ ಅಂತ ಹೇಳೋದು. ಹೊಡ್ದಿದ್ದು ಯಾವ ಸರ್ಕಾರ, ಯಾವ ಕಾರಣಕ್ಕೆ, ವಾಪಸ್ ಹೋದ್ರೆ ಮತ್ತೆ ಹೊಡೀತಾರಾ ಅನ್ನೋದನ್ನ ಕಲೆ ನೋಡಿ ಹೇಳೋಕೆ ಬರಲ್ಲ, ಅದಕ್ಕೆ ಬೇರೆ ಸಾಕ್ಷಿ ಬೇಕು. ನಮ್ಮ ದೋಸ್ತನ ಕೇಸಲ್ಲಂತೂ ಇನ್ನೊಂದು ತೊಡಕು, ಇಷ್ಟು ವರ್ಷ ಇಂಡಿಯಾದಲ್ಲಿ ಇದ್ಯಲ್ಲ, ಅಲ್ಲೇ ನೆಲೆ ಸಿಕ್ಕಿತ್ತಲ್ಲ ಅಂತ ಕೇಳೇ ಕೇಳ್ತಾರೆ, ಅದಕ್ಕೆ ಎಷ್ಟು ದೊಡ್ಡ ಮೆಡಿಕಲ್ ರಿಪೋರ್ಟೂ ಉತ್ತರ ಕೊಡಲ್ಲ.

ನಿರಾಶ್ರಿತರಿಗೆ ರಕ್ಷಣೆ ಕೊಡ್ಬೇಕು ಅನ್ನೋ ಅಂತರರಾಷ್ಟ್ರೀಯ ಒಪ್ಪಂದ, 1951ರ ರೆಫ್ಯೂಜಿ ಕನ್ವೆನ್ಶನ್ನು, ಅದಕ್ಕೆ ಇಂಡಿಯಾ ಸೇರಿಲ್ಲ. ಚಿತ್ರಹಿಂಸೆ ವಿರುದ್ಧದ 1984ರ ವಿಶ್ವಸಂಸ್ಥೆ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ, ಅನುಮೋದನೆ ಮಾಡಿಲ್ಲ. ಹಾಗಾಗಿ ಇಲ್ಲಿ ಅಸೈಲಂ ಕೋರ್ಟು ಅಂತ ಎಂಥದೂ ಇಲ್ಲ. 1966ರಲ್ಲಿ ಮುಂಡಗೋಡಿಗೆ ಬಂದವ್ರೂ ಸರ್ಕಾರ ಜಾಗ ಕೊಟ್ಟಿದ್ದಕ್ಕೆ ಬಂದವ್ರು, ಯಾರೂ ಅವ್ರ ಬೆನ್ನು ನೋಡಿ ತೀರ್ಪು ಕೊಟ್ಟಿದ್ದಲ್ಲ. ಕೆಳಗೆ ಹೇಳೋ ಅಸೈಲಂ ಕೇಸು ಕಾನೂನು ಎಲ್ಲ ಬ್ರಿಟನ್, ಯುರೋಪ್, ಅಮೆರಿಕಾದ್ದು, ಹಂತ 1ರಲ್ಲಿರೋದು ಮಾತ್ರ ನಮ್ಮ ದೇಶದ್ದು.

ಹಂತ 1: ಇಲ್ಲಿರೋ ಕಾಗದ ಮೊದ್ಲು ಹುಡುಕಿ

ಗಾಯ ಆದ ಹೊತ್ತಲ್ಲಿ ಯಾವ್ದಾದ್ರೂ ಆಸ್ಪತ್ರೆ ಬರ್ಕೊಂಡಿದ್ದ ಒಂದು ಚೀಟಿ, ಹತ್ತು ವರ್ಷ ಬಿಟ್ಟು ಮಾಡಿಸೋ ದೊಡ್ಡ ರಿಪೋರ್ಟಿಗೆ ಬೆನ್ನೆಲುಬು. ಎಂಎಲ್‌ಸಿ ನಂಬರು (ಪೊಲೀಸ್ ಕೇಸಾಗಬಹುದಾದ ಗಾಯಕ್ಕೆ ಆಸ್ಪತ್ರೆ ಹಾಕೋ ನಂಬರು), ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ಫಿಲ್ಮು, ಮಾತ್ರೆ ಬಿಲ್ಲು, ಯಾವ್ದೂ ಬಿಸಾಡ್ಬೇಡಿ. ನಮ್ಮ ದೇಶದಲ್ಲೇ ಕಸ್ಟಡಿಲಿ ಪೆಟ್ಟು ತಿಂದವ್ರಾದ್ರೆ, ಅರೆಸ್ಟ್ ಆದೋರನ್ನ ಡಾಕ್ಟರು ನೋಡಿ ಮೈಮೇಲಿನ ಗಾಯ ಮತ್ತೆ ಅದು ಆಗಿರಬಹುದಾದ ಅಂದಾಜು ಸಮಯ ಬರೀಬೇಕು, ಕಾಪಿ ಆ ವ್ಯಕ್ತಿಗೆ ಕೊಡ್ಬೇಕು ಅಂತ ಅರೆಸ್ಟು, ತನಿಖೆ, ವಿಚಾರಣೆ ಹೇಗೆ ಮಾಡ್ಬೇಕು ಅನ್ನೋ ಹೊಸ ಕಾನೂನು ಬಿಎನ್‌ಎಸ್‌ಎಸ್ ಸೆಕ್ಷನ್ 53 ಹೇಳ್ತದೆ, ಮೊದ್ಲು ಇದು ಹಳೇ ಕಾನೂನು ಸಿಆರ್‌ಪಿಸಿಯ 54 ಇತ್ತು. ಕಸ್ಟಡಿಲಿ ಇರೋವಷ್ಟು ದಿನ 48 ಗಂಟೆಗೊಮ್ಮೆ ತಪಾಸಣೆ ಆಗ್ಬೇಕು ಅಂತ ಡಿ.ಕೆ. ಬಸು ಕೇಸಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಒಳರೋಗಿಯಾಗಿ ಇದ್ದಿದ್ರೆ ಆ ರೆಕಾರ್ಡನ್ನ ಡಾಕ್ಟರು ಮೂರು ವರ್ಷ ಇಟ್ಕೋಬೇಕು, ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು ಅನ್ನೋದು 2002ರ ಮೆಡಿಕಲ್ ಕೌನ್ಸಿಲ್ ನಿಯಮ. ಮೂರು ವರ್ಷ ಕಳೆದಿದ್ರೂ ಒಂದ್ಸಲ ಕೇಳಿ ನೋಡಿ, ರೆಕಾರ್ಡ್ ರೂಮಲ್ಲಿ ಧೂಳು ತಿಂತಾ ಇರೋ ಚಾನ್ಸಿದೆ.

ಫೋಟೋ ಇದ್ರೆ ಒರಿಜಿನಲ್ ಫೈಲೇ ಇಟ್ಕೊಳ್ಳಿ. ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿದ್ರೆ ತಾರೀಕಿನ ಮಾಹಿತಿ ಹಾರಿಹೋಗ್ತದೆ.

ಹಂತ 2: ಯಾರ ಹತ್ರ ರಿಪೋರ್ಟ್ ಮಾಡಿಸೋದು

ಇದನ್ನ ಅಲ್ಲಿನ ವಕೀಲರೇ ಮಾಡ್ಬೇಕು, ನಾವು ಇಲ್ಲಿಂದ ಹೇಳಿ ನೆನಪು ಮಾಡಬಹುದು ಅಷ್ಟೇ. ಬ್ರಿಟನ್‌ನಲ್ಲಿ ಫ್ರೀಡಂ ಫ್ರಂ ಟಾರ್ಚರ್ ಅಂತ ಸಂಸ್ಥೆ ಇದೆ, 1985ರಲ್ಲಿ ಹೆಲೆನ್ ಬ್ಯಾಂಬರ್ ಬೇರೆ ಹೆಸರಲ್ಲಿ ಶುರು ಮಾಡಿದ್ದು. ವಲಸೆ ಅಧಿಕಾರಿಗಳು ಹಿಡಿದಿಡೋ ಡಿಟೆನ್ಶನ್ ಸೆಂಟರಲ್ಲಿ ಇರೋರಿಗೆ ಮೆಡಿಕಲ್ ಜಸ್ಟಿಸ್ ಅನ್ನೋ ಸಂಸ್ಥೆ. ನೆದರ್ಲೆಂಡ್ಸಲ್ಲಿ ಐಎಂಎಂಒ, ಅಮೆರಿಕಾದಲ್ಲಿ ಫಿಸಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್. ಇವ್ರೆಲ್ಲ ಬರೆಯೋದು ಇಸ್ತಾಂಬುಲ್ ಪ್ರೋಟೊಕಾಲ್ ಅನ್ನೋ ವಿಶ್ವಸಂಸ್ಥೆ ಕೈಪಿಡಿ ಪ್ರಕಾರ. 1999ರಲ್ಲಿ ಬಂತು, 2022ರಲ್ಲಿ ತಿದ್ದಿದ ಆವೃತ್ತಿ. ಬೀದಿ ಕೊನೆ ಕ್ಲಿನಿಕ್ಕಿನ ಡಾಕ್ಟರು, ಈತನ ಬೆನ್ನಲ್ಲಿ ಕಲೆಗಳಿವೆ, ಹಿಂಸೆ ಅಂತಾರೆ, ಅಂತ ಎರಡು ಸಾಲು ಬರ್ದ್ರೆ ತೂಕ ಕಮ್ಮಿ.

ಹಾಗಂತ ಆ ಎರಡು ಸಾಲನ್ನ ಕಸಕ್ಕೂ ಹಾಕ್ಬೇಡಿ. ಇರಾನಿನ ಒಬ್ರ ಕೇಸು, ಆರ್.ಸಿ. ವರ್ಸಸ್ ಸ್ವೀಡನ್, 2010. ಅವ್ರು ಕೊಟ್ಟಿದ್ದು ಹಿಂಸೆ ಕೇಸಲ್ಲಿ ಪರಿಣಿತರಲ್ಲದ ಒಬ್ಬ ಸಾಮಾನ್ಯ ಡಾಕ್ಟರ ಸರ್ಟಿಫಿಕೇಟು, ಅದಕ್ಕೇ ಸ್ವೀಡನ್ ಅಧಿಕಾರಿಗಳು ಇದು ಎಕ್ಸ್‌ಪರ್ಟ್ ಬರ್ದಿದ್ದಲ್ಲ ಅಂತ ಪಕ್ಕಕ್ಕಿಟ್ರು. ಯುರೋಪಿನ ಮಾನವ ಹಕ್ಕು ಕೋರ್ಟು ಹೇಳಿದ್ದೇನಂದ್ರೆ, ಈ ಸರ್ಟಿಫಿಕೇಟು ಹಿಂಸೆ ಆಗಿರ್ಬಹುದು ಅನ್ನೋದಕ್ಕೆ ಸಾಕಷ್ಟು ಬಲವಾದ ಸೂಚನೆ, ಅದ್ರ ಮೇಲೆ ನಿಮಗೆ ಡೌಟಿದ್ರೆ ಎಕ್ಸ್‌ಪರ್ಟನ್ನ ಕರ್ಸಿ ಡೌಟ್ ಕಳ್ಕೊಳ್ಳೋ ಜವಾಬ್ದಾರಿ ನಿಮ್ದೇ ಅಂತ. ಅಂದ್ರೆ ಸಣ್ಣ ಚೀಟಿನೂ ದೊಡ್ಡ ತಪಾಸಣೆಗೆ ಬಾಗ್ಲು ತೆಗೀತದೆ. ಯುರೋಪಿಯನ್ ಯೂನಿಯನ್ನಿನ 2013ರ ಪ್ರೊಸೀಜರ್ಸ್ ಡೈರೆಕ್ಟಿವ್ 18ನೇ ಆರ್ಟಿಕಲ್ಲೂ ಇದನ್ನೇ ಹೇಳೋದು: ಅಗತ್ಯ ಅನ್ಸಿದ್ರೆ ಅಧಿಕಾರಿಗಳೇ ಒಪ್ಪಿಗೆ ಪಡ್ದು ತಪಾಸಣೆ ಮಾಡಿಸ್ಬೇಕು, ಅವ್ರು ಮಾಡಿಸದಿದ್ರೆ ಸ್ವಂತ ಖರ್ಚಲ್ಲಿ ಮಾಡಿಸ್ಕೋಬಹುದು ಅಂತ ತಿಳಿಸ್ಬೇಕು. ಇದ್ರ ಜಾಗಕ್ಕೆ 2024ರಲ್ಲಿ ಹೊಸ ರೆಗ್ಯುಲೇಶನ್ ಪಾಸಾಗಿದೆ, 2026ರ ಜೂನಿಂದ ಅದ್ರ ಲೆಕ್ಕ, ವಕೀಲರನ್ನ ಕೇಳುವಾಗ ಯಾವ್ದು ಅನ್ವಯ ಅಂತ ಕೇಳ್ಕೊಳ್ಳಿ.

ತಡ ಬೇಡ. ಬಾವು, ನೀಲಿ ಮಚ್ಚೆ ಕೆಲವೇ ವಾರದಲ್ಲಿ ಹೋಗ್ತದೆ. ಹಳೇ ಕಲೆ ಉಳಿದ್ರೂ, ಇದು ಇಂಥ ತಿಂಗಳಲ್ಲೇ ಆದದ್ದು ಅಂತ ಡಾಕ್ಟರಿಗೆ ಹೇಳೋಕಾಗಲ್ಲ.

ಹಂತ 3: ಮೈಯ ನಕ್ಷೆ, ಹಿಂಸೆದಲ್ಲದ ಕಲೆನೂ ಸೇರ್ಸಿ

ಎಲ್ರೂ ತಪ್ಪು ಮಾಡೋದು ಇಲ್ಲಿ. ಹಿಂಸೆ ಕಲೆ ಮಾತ್ರ ತೋರ್ಸಿ ಉಳಿದದ್ದನ್ನ ಮುಚ್ಚಿಡ್ತಾರೆ, ಇಲ್ಲಾಂದ್ರೆ ಇರೋ ಕಲೆ ಎಲ್ಲ ಜೈಲಿಂದೇ ಅಂದ್ಬಿಡ್ತಾರೆ. ಎರಡೂ ಕೇಸಿಗೆ ಕೊಡ್ಲಿ ಏಟು. ಒಳ್ಳೆ ಡಾಕ್ಟರು ತಲೆಯಿಂದ ಪಾದದ ತನಕ ಪ್ರತಿ ಗುರುತಿಗೂ ನಂಬರ್ ಹಾಕಿ, ಚಿತ್ರದಲ್ಲಿ ಗುರುತು ಮಾಡಿ, ಅಳತೆಪಟ್ಟಿ ಇಟ್ಟು ಫೋಟೋ ತೆಗ್ದು, ಇದು ಹೇಗಾಯ್ತು ಅಂತ ಕೇಳ್ತಾರೆ. ಇದು ನಾನು ಚಿಕ್ಕವನಿದ್ದಾಗ ಬಿದ್ದಿದ್ದು, ಇದು ಗೊತ್ತಿಲ್ಲ, ಇದು ಮಾತ್ರ ಅವ್ರು ಮಾಡಿದ್ದು, ಅಂತ ಬಿಡಿಸಿ ಹೇಳೋನ ಮೇಲೆ ಓದೋರಿಗೂ ನಂಬಿಕೆ ಬರ್ತದೆ.

ನಮ್ಮ ಜಿಲ್ಲೆಯವ್ರ ಮೈನೇ ನೋಡಿ. ಕಾರವಾರ, ಅಂಕೋಲೆ ಕಡೆ ಬಲೆ ಎಳೆಯೋರ ಅಂಗೈಲಿ ಹಗ್ಗದ ಗೆರೆ. ಘಟ್ಟದ ಮೇಲೆ ಅಡಿಕೆ ಕೊನೆ ಕೊಯ್ಯೋರ ಪಾದದಲ್ಲಿ, ಮರ ಹತ್ತೋಕೆ ಕಾಲಿಗೆ ಹಾಕೋ ತಳೆ ಒತ್ತಿದ ದಡ್ಡು, ಮೊಣಕಾಲಲ್ಲಿ ಮರ ಉಜ್ಜಿದ್ದು. ಹೊಟ್ಟೆ ಮೇಲೆ ಬರೆ ಇರೋ ಹಿರಿಯರು ಎಷ್ಟು ಜನ! ಕೂಸಿಗೆ ಕಾಮಾಲೆ ಆಯ್ತು, ಬಾಲಗ್ರಹ ಅಂತ ಕಾಯ್ಸಿ ಬರೆ ಹಾಕ್ತಿದ್ದದ್ದು. ಸಾಲಾಗಿ, ಒಂದೇ ಅಳತೇಲಿ ಸುಟ್ಟ ಕಲೆ, ಗೊತ್ತಿಲ್ದವ್ರು ನೋಡಿದ್ರೆ ಯಾರೋ ಹಿಂಸೆ ಕೊಟ್ಟಿದಾರೆ ಅಂತ್ಲೇ ಅಂದ್ಕೋಬೇಕು. ಊರಮದ್ದಿನ ಸುಟ್ಟ ಕಲೆನ, ಹಿಂಸೆ ಕಲೆನ ಬೇರೆ ಬೇರೆ ಮಾಡಿ ನೋಡ್ಬೇಕು ಅಂತ ಇಸ್ತಾಂಬುಲ್ ಪ್ರೋಟೊಕಾಲ್ಲೇ ಎಚ್ಚರಿಸ್ತದೆ. ಹಾಗಾಗಿ ಬರೆ ಇದ್ರೆ ಮೊದ್ಲೇ ಹೇಳಿ, ಅನುವಾದ ಮಾಡೋರು ಬರೆ ಅನ್ನೋದನ್ನ ಬರೀ ಗೆರೆ ಅಂತ ಮಾಡ್ದಂಗೆ ನೋಡ್ಕೊಳ್ಳಿ.

ನಮ್ಮ ದೋಸ್ತನ ಎಡಗೈ ಹೆಬ್ಬೆರಳಲ್ಲಿ ಒಂದು ಉದ್ದ ಕಲೆ. ಓನರ್ ಮನೇಲಿ ಅಡಿಕೆ ಸುಗ್ಗಿಗೆ ರಾತ್ರಿ ಕೂತು ಸುಲೀವಾಗ ಮೆಟ್ಟುಗತ್ತಿ ತಾಗಿದ್ದು. ಡಾಕ್ಟರಿಗೆ ಇವ್ನು ಹೇಳಿದ್ದು ಅರ್ಥ ಆಗ್ಲಿಲ್ಲ, ನೆಲಕ್ಕೆ ನಿಲ್ಸಿದ ಕತ್ತಿಗೆ ಕಾಲೊತ್ತಿ ಅಡಿಕೆ ಸುಲಿಯೋದು ಅಂದ್ರೆ ಯಾರಿಗೆ ಅರ್ಥ ಆಗ್ಬೇಕು. ನಾನು ನಮ್ಮಮ್ಮನ ಮೆಟ್ಟುಗತ್ತಿ ಫೋಟೋ ಹೊಡ್ದು ಕಳ್ಸಿದೆ. ರಿಪೋರ್ಟಲ್ಲಿ ಹನ್ನೊಂದನೇ ನಂಬರಿನ ಕಲೆ ಕೃಷಿ ಕೆಲಸದ್ದು ಅಂತ ಬಂತು. ಅವ್ನ ವಕೀಲರಿಗೆ ಆ ಸಾಲು ನೋಡಿ ಭಾರಿ ಖುಷಿ.

ಹಂತ 4: ತಪಾಸಣೆ ದಿನ

ಗಂಟೆಗಟ್ಲೆ ಆಗ್ತದೆ, ಕೆಲವ್ರಿಗೆ ಎರಡು ಮೂರು ಸಲ ಕರೀತಾರೆ. ಕಥೆ ಬಾಯಿಪಾಠ ಮಾಡ್ಕೊಂಡು ಹೋಗೋದು ಬೇಡ. ತಾರೀಕು ನೆನಪಿಲ್ಲಾಂದ್ರೆ ನೆನಪಿಲ್ಲ ಅನ್ನಿ, ಲೋಸಾರ್ (ಟಿಬೆಟನ್ ಹೊಸವರ್ಷ) ಆದ್ಮೇಲೆ, ಮಳೆ ಶುರುವಾಗೋ ಮುಂಚೆ, ಅಂತ ಹೇಳಿದ್ರೂ ಸಾಕು. ಇಂಟರ್‌ಪ್ರಿಟರ್ ಮನೆಯವ್ರು ಆಗ್ಬಾರ್ದು, ಹೆಂಡ್ತಿ ಎದುರಿಗೆ ಯಾವ ಗಂಡಸು ತನಗಾದ ಲೈಂಗಿಕ ಹಿಂಸೆ ಹೇಳ್ತಾನೆ? ಗಂಡು ಡಾಕ್ಟರೋ ಹೆಣ್ಣು ಡಾಕ್ಟರೋ ಬೇಕು ಅಂತ ಮುಂಚೆನೇ ಕೇಳಬಹುದು.

ಡಾಕ್ಟರು ಏನು ಹುಡುಕ್ತಾರೆ ಅಂತ ಸ್ವಲ್ಪ ಗೊತ್ತಿದ್ರೆ ಗಾಬರಿ ಕಮ್ಮಿ. ಕೈ ಹಿಂದಕ್ಕೆ ಕಟ್ಟಿ ನೇತುಹಾಕಿದ್ರೆ ಭುಜದ ನರದ ಜಾಲಕ್ಕೆ ಪೆಟ್ಟಾಗಿ ಕೈಯಲ್ಲಿ ಶಕ್ತಿ ಹೋಗಿರ್ತದೆ, ಹೆಗಲ ಮೂಳೆ ರೆಕ್ಕೆ ಹಂಗೆ ಎದ್ದಿರ್ಬಹುದು. ಅಂಗಾಲಿಗೆ ಹೊಡೆಯೋದಕ್ಕೆ ಫಲಂಗ ಅಂತಾರೆ, ಹೊರಗೆ ಏನೂ ಕಾಣದೆ ಹೋದ್ರೂ ನಡೆಯುವಾಗ ನೋವು ಉಳೀತದೆ, ಹಿಮ್ಮಡಿಯ ಮೆತ್ತೆ ಒಡೆದಿರ್ತದೆ. ಎರಡೂ ಕಿವಿಗೆ ಒಟ್ಟಿಗೆ ಅಂಗೈಲಿ ಬಾರಿಸಿದ್ರೆ ತಮಟೆ ಹರೀತದೆ. ಸಿಗರೇಟಿಂದು ಸಾಮಾನ್ಯವಾಗಿ 5ರಿಂದ 10 ಮಿಲಿಮೀಟರಿನ ಗುಂಡನೆ ಕಲೆ, ಅಂಚು ಕಪ್ಪು ಮಧ್ಯ ಬಿಳಿ. ಕರೆಂಟ್ ಶಾಕು ಮಾತ್ರ ಭಾರಿ ಮೋಸದ್ದು, ಎಷ್ಟೋ ಸಲ ಒಂದು ಚುಕ್ಕೆನೂ ಬಿಡಲ್ಲ. ಪಾಲ್ದೆನ್ ಗ್ಯಾತ್ಸೊ ಅನ್ನೋ ಟಿಬೆಟನ್ ಸನ್ಯಾಸಿ 33 ವರ್ಷ ಜೈಲು ಲೇಬರ್ ಕ್ಯಾಂಪಲ್ಲಿದ್ದು, 1992ರಲ್ಲಿ ತಪ್ಪಿಸ್ಕೊಂಡು ಬರುವಾಗ ಆ ಎಲೆಕ್ಟ್ರಿಕ್ ಲಾಠಿಗಳನ್ನೇ ಜೊತೆಗೆ ತಂದಿದ್ರು, ಜನಕ್ಕೆ ತೋರ್ಸೋಕೆ. ಎಲ್ರಿಗೂ ಅದಾಗತ್ಯೇ?

ಹಂತ 5: ರಿಪೋರ್ಟಲ್ಲಿ ಒಂದೊಂದು ಶಬ್ದನೂ ಓದಿ

ನಂಗೆ ಅನ್ಸೋದು, ಇಡೀ ಕೇಸಿನ ಜೀವ ಇರೋದು ಇಲ್ಲಿ, ಯಾಕಂದ್ರೆ ಇಸ್ತಾಂಬುಲ್ ಪ್ರೋಟೊಕಾಲಲ್ಲಿ ಐದು ಮೆಟ್ಲಿದೆ, ಡಾಕ್ಟರು ಪ್ರತಿ ಕಲೆಗೂ ಇವುಗಳಲ್ಲಿ ಒಂದನ್ನ ಬರೀತಾರೆ, ಇಂಗ್ಲಿಷಲ್ಲಿ ಎಲ್ಲ ಒಂದೇ ಥರ ಕಾಣೋದ್ರಿಂದ ಅನುವಾದ ಮಾಡೋರೂ ಓದೋರೂ ಎಲ್ಲದಕ್ಕೂ ಹೊಂದುತ್ತದೆ ಅಂದ್ಕೊಂಡು ಮುಂದೆ ಹೋಗ್ಬಿಡ್ತಾರೆ. ಕೆಳಗಿನ ಮೆಟ್ಲು ನಾಟ್ ಕನ್ಸಿಸ್ಟೆಂಟ್, ಈ ಗಾಯ ಆ ರೀತಿ ಆಗಿರೋಕೆ ಸಾಧ್ಯ ಇಲ್ಲ. ಅದ್ರ ಮೇಲೆ ಬರೀ ಕನ್ಸಿಸ್ಟೆಂಟ್ ವಿತ್: ಆಗಿರಬಹುದು, ಆದ್ರೆ ಬೇರೆ ಬೇಕಾದಷ್ಟು ಕಾರಣದಿಂದಲೂ ಆಗಬಹುದು. ಬೈಕಿಂದ ಬಿದ್ದ ಮೊಣಕೈ ಕಲೆನೂ ಇದಕ್ಕೆ ಸೇರ್ತದೆ. ಮೂರನೇದು ಹೈಲಿ ಕನ್ಸಿಸ್ಟೆಂಟ್, ಬೇರೆ ಕಾರಣ ಇದೆ ಆದ್ರೆ ಕೆಲವೇ ಕೆಲವು. ನಾಲ್ಕನೇದು ಟಿಪಿಕಲ್ ಆಫ್, ಇಂಥ ಹಿಂಸೆಲಿ ಸಾಮಾನ್ಯವಾಗಿ ಕಾಣೋ ರೂಪ ಇದೇ, ಬೇರೆ ಸಾಧ್ಯತೆ ಪೂರ್ತಿ ಇಲ್ಲ ಅಂತಲ್ಲ. ಕೊನೇದು ಡಯಾಗ್ನೋಸ್ಟಿಕ್ ಆಫ್, ಬೇರೆ ಯಾವ ರೀತಿಲೂ ಆಗೋಕೆ ಸಾಧ್ಯ ಇಲ್ಲ. ಈ ಕೊನೇದು ಸಿಗೋದು ಅಪರೂಪ, ಎಲ್ಲ ಕಲೆಗೂ ಡಯಾಗ್ನೋಸ್ಟಿಕ್ ಅಂತ ಬರ್ದ ರಿಪೋರ್ಟ್ ನೋಡಿದ್ರೆ ಜಡ್ಜಿಗೆ ಮೊದ್ಲು ಡಾಕ್ಟರ ಮೇಲೇ ಸಂಶಯ.

ಕನ್ನಡಕ್ಕೆ ಮಾಡುವಾಗ ನಾನು ಈಗ ಹೊಂದುವುದಿಲ್ಲ, ಹೊಂದಬಹುದು, ಚೆನ್ನಾಗಿ ಹೊಂದುತ್ತದೆ, ಇಂಥದ್ದೇ ಲಕ್ಷಣ, ಇದರಿಂದಲೇ ಆದದ್ದು, ಅಂತ ಇಟ್ಕೊಂಡಿದೀನಿ. ಕಲೆ ಒಂದೊಂದೇ ನೋಡಿದ್ರೆ ಎರಡನೇ ಮೆಟ್ಲಲ್ಲೇ ಇದ್ರೂ, ಎಲ್ಲ ಸೇರ್ಸಿ ನೋಡಿದಾಗ ಒಟ್ಟು ಚಿತ್ರ ಇನ್ನೂ ಮೇಲೆ ಹೋಗಬಹುದು, ಆ ಒಟ್ಟಾರೆ ಅಭಿಪ್ರಾಯ ರಿಪೋರ್ಟಲ್ಲಿ ಬಂದಿದ್ಯಾ ನೋಡಿ. ಬೇರೆ ಕಾರಣಗಳನ್ನ ಡಾಕ್ಟರು ಯೋಚ್ನೆ ಮಾಡಿ ಯಾಕೆ ಬಿಟ್ರು ಅಂತ ಬರ್ದಿದಾರಾ? ತಾರೀಕು, ಊರು, ಎಡ ಬಲ, ಇವು ಅಸೈಲಂ ಅಧಿಕಾರಿ ಮಾಡಿದ ಇಂಟರ್‌ವ್ಯೂಲಿ ಹೇಳಿದ್ದಕ್ಕೆ ಹೊಂದ್ತದಾ? ಎಡ ಭುಜ ಬಲ ಭುಜ ಅದಲು ಬದಲಾಗಿದ್ರೆ ಫೈಲ್ ಮಾಡೋ ಮುಂಚೆ ವಕೀಲರಿಗೆ ಹೇಳಿ ಸರಿ ಮಾಡ್ಸಿ.

ಹಂತ 6: ತೀರ್ಪು ಕೊಡೋರು ಇದನ್ನ ಹೇಗೆ ಓದ್ತಾರೆ, ಹೇಗೆ ಓದ್ಬೇಕು

ತಿರಸ್ಕಾರ ಪತ್ರಗಳಲ್ಲಿ ಬರೋ ಮಾತು ಹೆಚ್ಚುಕಮ್ಮಿ ಒಂದೇ: ಈತ ಹೇಳೋದು ನಂಬೋ ಹಂಗಿಲ್ಲ, ಡಾಕ್ಟರು ಈತ ಹೇಳಿದ್ದನ್ನೇ ಬರ್ಕೊಂಡಿದಾರೆ, ಹಾಗಾಗಿ ರಿಪೋರ್ಟಿಗೆ ಬೆಲೆ ಇಲ್ಲ. ಇದು ತಪ್ಪು ಅಂತ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ 2005ರಲ್ಲೇ ಮಿಬಂಗ ಅನ್ನೋರ ಕೇಸಲ್ಲಿ ಹೇಳಿದೆ. ಮೊದ್ಲು ಸುಳ್ಳ ಅಂತ ತೀರ್ಮಾನ ಮಾಡ್ಕೊಂಡು ಆಮೇಲೆ ಮೆಡಿಕಲ್ ಸಾಕ್ಷಿ ತೆಗ್ದು ನೋಡೋದಲ್ಲ, ಎಲ್ಲ ಒಟ್ಟಿಗೆ ಇಟ್ಕೊಂಡು ನಂಬಬೇಕೋ ಬೇಡ್ವೋ ಅಂತ ನೋಡ್ಬೇಕು. ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ, ಡಾಕ್ಟರ ರಿಪೋರ್ಟನ್ನ ಊಟ ಮುಗಿಯೋ ಹೊತ್ತಿಗೆ ಎಲೆ ತುದಿಗೆ ಉಪ್ಪಿನಕಾಯಿ ಬಡಿಸ್ದಂಗೆ ಬಡಿಸ್ಬಾರ್ದು.

ಇನ್ನೂ ವಿಚಿತ್ರ ಕೇಸು ಕೆ.ವಿ., ಶ್ರೀಲಂಕಾದ ತಮಿಳರೊಬ್ರದ್ದು, ಬ್ರಿಟನ್ ಸುಪ್ರೀಂ ಕೋರ್ಟ್, 2019 ಮಾರ್ಚ್. ಬೆನ್ನಲ್ಲಿ ಐದು ಉದ್ದ ಸುಟ್ಟ ಕಲೆ, ತೋಳಲ್ಲಿ ಎರಡು. ಕಾದ ಕಬ್ಬಿಣದ ಸಲಾಕೆ ಇಟ್ರು, ಬೆನ್ನಿಗೆ ಇಡುವಾಗ ಎಚ್ಚರ ತಪ್ಪಿತು ಅಂತ ಅವ್ರ ಹೇಳಿಕೆ. ಬೆನ್ನಿನ ಕಲೆ ಅಂಚು ನೀಟಾಗಿತ್ತು, ಅಂದ್ರೆ ಸುಡುವಾಗ ಮೈ ಅಲುಗಾಡಿಲ್ಲ. ಟ್ರಿಬ್ಯುನಲ್ಲಿಗೆ ಬಂದ ಸಂಶಯ, ಅಸೈಲಂ ಸಿಗ್ಲಿ ಅಂತ ಅನಸ್ತೇಶಿಯಾ ಕೊಟ್ಕೊಂಡು ಬೇರೆಯವ್ರಿಂದ ತಾನೇ ಸುಡ್ಸ್ಕೊಂಡಿರಬಹುದಲ್ಲ? ಸುಪ್ರೀಂ ಕೋರ್ಟ್ ಈ ತೀರ್ಪನ್ನ ರದ್ದು ಮಾಡಿ ಹೊಸದಾಗಿ ವಿಚಾರಣೆಗೆ ಕಳ್ಸಿತು. ಅಸೈಲಂ ಕೇಳೋರು ಹೀಗೆ ಮೈ ಸುಡಿಸ್ಕೊಂಡಿದಾರೆ ಅನ್ನೋದಕ್ಕೆ ಪುರಾವೆ ಹುಡುಕಿದ್ರೆ ಇಲ್ಲ ಅನ್ನೋವಷ್ಟು ಕಮ್ಮಿ ಅಂತ್ಲೂ, ಡಾಕ್ಟರು ಕಲೆಗೆ ಕಾರಣ ಕಾದ ಕಬ್ಬಿಣ ಅಂತ ಹೇಳಿ ನಿಲ್ಲಬೇಕಾಗಿಲ್ಲ, ಆತ ಹೇಳೋ ಸಂದರ್ಭಕ್ಕೆ ಅದು ಎಷ್ಟು ಹೊಂದುತ್ತದೆ ಅಂತ್ಲೂ ಹೇಳಬಹುದು ಅಂತ್ಲೂ ಹೇಳಿತು. ಬ್ರಿಟನ್ ಕೇಸಾದ್ರೆ ಈ ಎರಡು ಹೆಸ್ರು ವಕೀಲರ ಬಾಯಲ್ಲಿ ಬರ್ತಾವಾ ನೋಡಿ, ಬರ್ಲಿಲ್ಲಾಂದ್ರೆ ವಕೀಲರನ್ನ ಬದ್ಲಾಯ್ಸೋ ಯೋಚ್ನೆ ಮಾಡಿ!

ಒಪ್ಪಿದ್ರೆ ಏನು ಲಾಭ? ಯುರೋಪಿಯನ್ ಯೂನಿಯನ್ ಕಾನೂನಲ್ಲಿ ಹಿಂದೆ ಹಿಂಸೆ ಆಗಿದೆ ಅನ್ನೋದು ಮುಂದೆನೂ ಆಗಬಹುದು ಅನ್ನೋದಕ್ಕೆ ಗಂಭೀರ ಸೂಚನೆ, ಇನ್ನು ಆಗಲ್ಲ ಅನ್ನೋಕೆ ಒಳ್ಳೆ ಕಾರಣ ಇದ್ರೆ ಮಾತ್ರ ಬೇರೆ. ಅಮೆರಿಕಾದಲ್ಲೂ ಹಿಂದಿನ ಹಿಂಸೆ ಸಾಬೀತಾದ್ರೆ ಭಯ ನಿಜ ಅಂತ ಊಹೆ ಮಾಡ್ಕೊಂಡೇ ಮುಂದೆ ಹೋಗೋದು, ಅಲ್ಲ ಅಂತ ತೋರ್ಸೋ ಭಾರ ಸರ್ಕಾರದ್ದು.

ಅಂಕಿ ಬೇಕಂದ್ರೆ ಅಮೆರಿಕಾದ್ದಿದೆ. ಫಿಸಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಡಾಕ್ಟರು ತಪಾಸಣೆ ಮಾಡಿದ ಕೇಸುಗಳಲ್ಲಿ 2000ದಿಂದ 2004ರ ನಡುವೆ ಶೇ. 89 ಅಸೈಲಂ ಸಿಕ್ಕಿತ್ತು, ಅದೇ ಹೊತ್ತಲ್ಲಿ ದೇಶದ ಸರಾಸರಿ ಶೇ. 37.5. 2008ರಿಂದ 2018ರದ್ದು ನೋಡಿದ್ರೆ, ಅಸೈಲಂ ಅಥವಾ ಬೇರೆ ಥರದ ರಕ್ಷಣೆ ಸಿಕ್ಕಿದ್ದು ಶೇ. 81.6, ದೇಶದ ಅಸೈಲಂ ಸರಾಸರಿ ಶೇ. 42.4. ಇದನ್ನ ನೋಡಿ ರಿಪೋರ್ಟ್ ಇದ್ರೆ ಗ್ಯಾರಂಟಿ ಅಂತ ಯಾರಿಗೂ ಹೇಳ್ಬೇಡಿ. ಇಂಥ ಡಾಕ್ಟರ ತನಕ ಮುಟ್ಟೋ ಕೇಸಿಗೆ ಒಳ್ಳೆ ವಕೀಲರು ಇರ್ತಾರೆ, ಕೇಸೂ ಗಟ್ಟಿ ಇರ್ತದೆ, ಅಂತರ ಪೂರ್ತಿ ರಿಪೋರ್ಟಿಂದೇ ಅನ್ನೋಕಾಗಲ್ಲ.

ಹಂತ 7: ಕಲೆನೇ ಇಲ್ಲಾಂದ್ರೆ

ಕಲೆ ಇಲ್ಲ ಅಂದ್ರೆ ಹಿಂಸೆ ಆಗಿಲ್ಲ ಅಂತ ಅರ್ಥ ಅಲ್ಲ, ಇದನ್ನೂ ಪ್ರೋಟೊಕಾಲ್ ಸ್ಪಷ್ಟ ಹೇಳ್ತದೆ. ನಿದ್ದೆ ಕೊಡದೇ ಇರೋದು, ನೀರಲ್ಲಿ ಮುಳುಗ್ಸೋದು, ಮಗಳಿಗೆ ಮಾಡ್ತೀವಿ ಅಂತ ಹೆದರ್ಸೋದು ಎಲ್ಲಿ ಕಾಣ್ಬೇಕು ಚರ್ಮದಲ್ಲಿ. ಅಂಥ ಹೊತ್ತಲ್ಲಿ ಮಾನಸಿಕ ತಪಾಸಣೆ ರಿಪೋರ್ಟೇ ಮುಖ್ಯ ಸಾಕ್ಷಿ ಆಗ್ತದೆ, ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಮನಸ್ಸಲ್ಲಿ ಉಳಿಯೋ ಕಾಯಿಲೆ), ಡಿಪ್ರೆಶನ್, ಇಂಥದ್ದು ಇದ್ಯಾ ಅಂತ ಅದ್ರಲ್ಲಿ ಬರೀತಾರೆ. ಅದ್ರಿಂದ ಇನ್ನೊಂದು ಉಪಕಾರನೂ ಇದೆ, ಹೇಳಿಕೆ ಯಾಕೆ ಅಲ್ಲಲ್ಲಿ ಹೊಂದಲ್ಲ ಅನ್ನೋದಕ್ಕೆ ಕಾರಣ ಸಿಗ್ತದೆ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಲ್ಲಿ ಬಂದ ಅಧ್ಯಯನ, ಬ್ರಿಟನ್‌ನಲ್ಲಿ ಆಗ್ಲೇ ಇರೋಕೆ ಪರ್ಮಿಶನ್ ಸಿಕ್ಕಿದ್ದ ಬೋಸ್ನಿಯಾ, ಕೊಸೊವೊ ನಿರಾಶ್ರಿತರನ್ನ ಎರಡು ಸಲ ಕೂರ್ಸಿ ಅದೇ ಘಟನೆ ಕೇಳಿದ್ರು. ಸುಳ್ಳು ಹೇಳೋ ಅಗತ್ಯನೇ ಇಲ್ಲದ ಜನ, ಆದ್ರೂ ಎರಡು ಸಲದ ಹೇಳಿಕೆಲಿ ವ್ಯತ್ಯಾಸ ಬಂತು, ಮುಖ್ಯ ಘಟನೆಗಿಂತ ಅಕ್ಕಪಕ್ಕದ ವಿವರದಲ್ಲೇ ಜಾಸ್ತಿ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿನೂ 1996ರಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧದ ಅಲನ್ ಕೇಸಲ್ಲಿ, ಹಿಂಸೆ ಉಂಡವ್ರ ಹತ್ರ ಪೂರ್ತಿ ಕರಾರುವಾಕ್ಕು ಹೇಳಿಕೆ ಸಿಗೋದು ಅಪರೂಪ ಅಂದಿದೆ.

ಅಮೆರಿಕಾಕ್ಕೆ ಹೋದವ್ರಿಗೆ ಇನ್ನೊಂದು ಉಪಯೋಗ: ಬಂದು ಒಂದು ವರ್ಷದೊಳಗೆ ಅರ್ಜಿ ಹಾಕ್ಬೇಕು ಅನ್ನೋ ನಿಯಮಕ್ಕೆ, ಹಿಂಸೆಯ ಪರಿಣಾಮದಿಂದ ಬಂದ ಮಾನಸಿಕ ಕಾಯಿಲೆನ ವಿನಾಯಿತಿ ಕಾರಣವಾಗಿ ತೋರ್ಸಬಹುದು.

ಹಂತ 8: ನಮ್ಮಂಥವ್ರ ಕೆಲಸ, ಅನುವಾದ ಮತ್ತೆ ಸಾಕ್ಷಿ ಕಾಗದ

ಸಾಕ್ಷಿ ಹೇಳೋರು ತಾವು ಕಣ್ಣಾರೆ ಕಂಡಿದ್ದನ್ನ ಮಾತ್ರ ಬರೀಲಿ. ಯಾವ ವರ್ಷದ ಸುಮಾರಿಗೆ, ಎಲ್ಲಿ, ಎಷ್ಟು ದೂರದಿಂದ, ಕಲೆ ಮೈಯ ಯಾವ ಭಾಗದಲ್ಲಿ. ಅದು ಹೇಗಾಯ್ತು ಅಂತ ಅವನು ಹೇಳಿದ್ದಾದ್ರೆ ಅವನು ಹೇಳಿದ್ದು ಅಂತ್ಲೇ ಬರೀಲಿ. ನಮ್ಮ ಓನರ್ರ ಎರಡನೇ ಹೇಳಿಕೆಲಿ, ರಾತ್ರಿ ಲೈನ್‌ಮನ್ ಬಾಗ್ಲು ಬಡ್ದಾಗ ಇವ್ನು ಅಟ್ಟದ ಮೇಲೆ ಹೋಗಿ ಕೂತಿದ್ದ, ಬೆಳಗಿನ ತನಕ ಇಳಿದು ಬರ್ಲಿಲ್ಲ ಅನ್ನೋ ಒಂದು ಸಾಲು ಬಂತು, ಮೊದ್ಲ ಹೇಳಿಕೆಲಿ ಅದು ಇರ್ಲೇ ಇಲ್ಲ, ಅದೆಲ್ಲ ಬರೀಬೇಕಾ ಅಂತ ಅವ್ರು ಬಿಟ್ಟಿದ್ರಂತೆ. ಮಾನಸಿಕ ತಪಾಸಣೆ ಮಾಡಿದ ಡಾಕ್ಟರು ತಮ್ಮ ರಿಪೋರ್ಟಲ್ಲಿ ಆ ಸಾಲನ್ನ ಎತ್ತಿ ಹಾಕಿದ್ರು.

ಅನುವಾದಕರೇ, ಗಾಯ, ಕಲೆ, ಬಾಸುಂಡೆ, ಬರೆ, ಬೊಬ್ಬೆ, ಗೀರು, ದಡ್ಡು, ಇವು ಏಳು ಬೇರೆ ಬೇರೆ. ಸಂಶಯ ಬಂದ್ರೆ ಬರ್ದವ್ರನ್ನ ಕೇಳಿ, ಕನ್ನಡ ಶಬ್ದನ ಹಾಗೇ ಇಟ್ಟು ಪಕ್ಕ ವಿವರಣೆ ಕೊಡಿ. ಚಂದ ಮಾಡೋಕೆ ಹೋಗ್ಬೇಡಿ, ಅರ್ಧ ಬಿಟ್ಟ ವಾಕ್ಯ ಅರ್ಧನೇ ಇರ್ಲಿ. ಕೊನೇಲಿ ಎರಡೂ ಭಾಷೆ ನಂಗೆ ಬರ್ತದೆ, ಅನುವಾದ ಪೂರ್ಣ ಮತ್ತೆ ನಿಖರ ಅಂತ ಹೆಸ್ರು, ಸಹಿ, ತಾರೀಕು ಹಾಕಿ, ಮೂಲ ಕನ್ನಡದ ಸ್ಕ್ಯಾನ್ ಜೊತೆಗೇ ಕಳ್ಸಿ. ತಿರಸ್ಕಾರ ಆದ್ರೆ ಅಪೀಲಿಗೆ ಇರೋದು ಕೆಲವೇ ದಿನ, ಆಗ ಮತ್ತೆ ಹುಡ್ಕೋ ಪರಿಸ್ಥಿತಿ ಬರ್ಬಾರ್ದು, ಎಲ್ಲದ್ರ ಒಂದು ಕಾಪಿ ನಿಮ್ಮ ಹತ್ರನೂ ಇರ್ಲಿ. ನಮ್ಮ ದೋಸ್ತನ ಫೈಲು ನನ್ನ ಕಪಾಟಲ್ಲಿದೆ, ಮೆಟ್ಟುಗತ್ತಿ ಫೋಟೋನೂ ಸೇರಿ ಐವತ್ತಾರು ಪುಟ. ಹಿಯರಿಂಗ್ ಇನ್ನೂ ಆಗಿಲ್ಲ.